ಬೆಲ್ ಹಗ್ಗಕ್ಕೊಂದು ಬಾಲ

ಇಪ್ಪತ್ತೆರಡು ವರ್ಷದಿಂದ ನಾನು ಬಸ್ ಕಂಡಕ್ಟರ್. ಬಸ್ಸಿನ ಚಾವಣಿಯ ಕೆಳಗೆ ಉದ್ದಕ್ಕೂ ಹೋಗುವ ಬೆಲ್ ಹಗ್ಗ ನನ್ನ ಸ್ವಂತ ಆಸ್ತಿ ಎಂದೇ ನಂಬಿದ್ದವಳು. ಒಂದು ಸಲ ಎಳೆದರೆ ಬಸ್ಸು ನಿಲ್ಲಬೇಕು, ಎರಡು ಸಲ ಎಳೆದರೆ ಹೊರಡಬೇಕು. ಪ್ರಯಾಣಿಕರು ಯಾರಾದರೂ ಅದಕ್ಕೆ ಕೈ ಹಾಕಿದರೆ, "ಏನ್ರೀ, ನಿಮ್ಮನೆ ಬಟ್ಟೆ ಒಣಗಿಸೋ ಹಗ್ಗಾನಾ?" ಎಂದು ಅವರು ಇಳಿಯುವ ತನಕ ಜಾಡಿಸುತ್ತಿದ್ದೆ. ಅಷ್ಟು ಜಂಬ.

ಆಮೇಲೆ ಬಲಗಡೆಯ ಎದೆಯಲ್ಲಿ ಗಂಟು ಸಿಕ್ಕಿತು. ಆಪರೇಷನ್, ಕೀಮೋ, ರೇಡಿಯೇಷನ್ ಎಲ್ಲ ಮುಗಿಸಿ ವರ್ಷದ ಮೇಲೆ ಕೆಲಸಕ್ಕೆ ಬಂದೆ. ಹೊಸ ಕೂದಲು ಗುಂಗುರಾಗಿ ಹುಟ್ಟಿತ್ತು. "ಎಲ್ಲಿ ಮಾಡಿಸಿದ್ರಿ ಆಂಟಿ?" ಎಂದು ಇಬ್ಬರು ಹುಡುಗಿಯರು ಕೇಳಿದರು. ವಿಳಾಸ ಕೊಡಲಿಲ್ಲ. ಚರ್ಮದ ಚೀಲದ ಪಟ್ಟಿ ಮಾತ್ರ ಪ್ರಾಣ ತಿಂದಿತು. ಇಷ್ಟು ವರ್ಷ ಎರಡು ಗುಡ್ಡಗಳ ನಡುವೆ ನೆಟ್ಟಗೆ ಕೂತಿದ್ದದ್ದು ಈಗ ಬಯಲಿನ ಕಡೆ ಜಾರಿ ಕಂಕುಳು ಸೇರುತ್ತಿತ್ತು, ಒಳಗೆ ಇಟ್ಟುಕೊಂಡ ಹತ್ತಿಯ ದಿಂಬನ್ನೂ ಜೊತೆಗೆ ಕರೆದೊಯ್ಯುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ನನ್ನ ಎದೆ ಬೆನ್ನಿನ ಕಡೆ ಹೊರಟಿರುತ್ತಿತ್ತು.

ಅದನ್ನು ಹೇಗೋ ಸಹಿಸಬಹುದು. ಬಲಗೈ ಕಿವಿಯಿಂದ ಮೇಲೆ ಏಳುತ್ತಿರಲಿಲ್ಲ, ಅದು ಕಷ್ಟ. ಎಡಗೈಯಲ್ಲಿ ಕಂಬ ಹಿಡಿದಿರಬೇಕು. ಬಿಟ್ಟರೆ ನಾನು ಯಾರದೋ ತೊಡೆಯ ಮೇಲೆ. ಕೂಗೋಣವೆಂದರೆ ನಮ್ಮ ಇಂಜಿನ್ನು ನನಗಿಂತ ಬಾಯಿಬಡುಕ. ಡಿಪೋ ಮ್ಯಾನೇಜರ್ ಬೇರೆ ಮೊದಲೇ ಹೇಳಿದ್ದರು: "ಹದಿನೈದು ದಿನ ನೋಡೋಣಮ್ಮ. ಆಗ್ಲಿಲ್ಲ ಅಂದ್ರೆ ಡಿಪೋದಲ್ಲಿ ಕೂತು ಮಾಡೋ ಕೆಲಸ ಇದೆ."

ಆ ಕೆಲಸ ಯಾವುದೆಂದು ಗೊತ್ತಿತ್ತು. ಪ್ರಯಾಣಿಕರು ಮರೆತುಹೋದ ಸಾಮಾನಿನ ಕೋಣೆ. ಕಿಟಕಿ ಇಲ್ಲ. ಕೊಡೆಗಳು, ಊಟದ ಡಬ್ಬಿಗಳು, ಒಂಟಿ ಚಪ್ಪಲಿಗಳು. ಅವುಗಳ ಸಾಲಿನಲ್ಲಿ ನನ್ನನ್ನೂ ಇಟ್ಟು ಮರೆತುಬಿಡುತ್ತಾರೆಂದು ನಿಜಕ್ಕೂ ಹೆದರಿದ್ದೆ.

ದಿನಾ ಬೆಳಿಗ್ಗೆ ಬಚ್ಚಲುಮನೆಯ ಗೋಡೆಯ ಮೇಲೆ ಬೆರಳು ಹತ್ತಿಸುವ ವ್ಯಾಯಾಮ. ಬೆರಳು ಮುಟ್ಟಿದಲ್ಲಿ ತಂಗಿ ಪೆನ್ಸಿಲಿನಿಂದ ಗೆರೆ ಎಳೆಯುತ್ತಿದ್ದಳು.

"ಅಕ್ಕ, ಹಿಮ್ಮಡಿ ಎತ್ತಿ ಮೋಸ ಮಾಡ್ಬೇಡ. ಕೈ ಏಳಲ್ಲ ಅಂತ ಡ್ರೈವರ್‌ಗಾದ್ರೂ ಹೇಳು."

"ನಾನ್ಯಾಕೆ ಹೇಳ್ಲಿ?" ಎಂದು ಮೂತಿ ತಿರುವಿದೆ. ಅವಳ ಕಿಟಕಿ ಪರದೆಯ ದಾರ ಕದ್ದು ಬೆಲ್ ಹಗ್ಗಕ್ಕೆ ಮೊಳದುದ್ದ ಬಾಲ ಕಟ್ಟಿದೆ. ನನ್ನ ಬುದ್ಧಿಗೆ ನಾನೇ ಶಹಬ್ಬಾಸ್ ಹೇಳಿಕೊಂಡೆ.

ಹದಿನಾಲ್ಕನೆಯ ದಿನ ಬಸ್ಸು ಕಿಕ್ಕಿರಿದಿತ್ತು. ಒಬ್ಬ ಅಜ್ಜನ ಟೋಪಿ ಬಾಲಕ್ಕೆ ಸಿಕ್ಕಿಕೊಂಡಿತು; ಬಸ್ಸು ನಿಂತಿತು. ಅಪ್ಪನ ಹೆಗಲ ಮೇಲಿದ್ದ ಕೂಸೊಂದು ಅದನ್ನು ಬಾಯಿಗೆ ಹಾಕಿಕೊಂಡು ಜಗ್ಗಿತು, ಮತ್ತೆ ನಿಂತಿತು. ಸೇತುವೆಯ ನಟ್ಟನಡುವೆ ಮೂರನೆಯ ಸಲ ನಿಂತಾಗ ಡ್ರೈವರ್ ಎದ್ದು ಬಂದ. ಹನ್ನೊಂದು ವರ್ಷ ನನ್ನ ಜೊತೆ ಓಡಿಸಿದವನು. ಬಾಲವನ್ನು ನೋಡಿದ, ನನ್ನನ್ನು ನೋಡಿದ.

"ಕೈ ಏಳಲ್ಲ ಅಂತ ಒಂದ್ ಮಾತು ಹೇಳೋಕೆ ಏನಾಗಿತ್ತಕ್ಕ?"

ಇಡೀ ಬಸ್ಸಿಗೆ ಕೇಳಿಸಿತು. ದಾರ ಬಿಚ್ಚಿ ನನ್ನ ಕೈಗಿಟ್ಟು ಹೋದ. ನನಗೆ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ಉಳಿದ ದಾರಿಯೆಲ್ಲ ಇಂಜಿನ್ನಿನ ಜೊತೆ ಪೈಪೋಟಿಗೆ ಬಿದ್ದು "ಹೋಲ್ಡಾನ್!" ಎಂದು ಕೂಗಿದೆ. ಸಂಜೆಗೆ ದನಿಯೂ ಕೈಕೊಟ್ಟಿತು.

ಮರುದಿನ ಮ್ಯಾನೇಜರ್ ತಾವೇ ಬಸ್ಸು ಹತ್ತಿದರು. ಕೂರದೆ ನನ್ನ ಪಕ್ಕದಲ್ಲೇ, ಹಗ್ಗದ ಕೆಳಗೆ ನಿಂತರು. ನಿಲ್ದಾಣ ಹತ್ತಿರ ಬಂತು. ಇಳಿಯಬೇಕಾದ ಮುದುಕಿ ಗಂಟುಮೂಟೆ ಹಿಡಿದು ಎದ್ದಳು. ನಾನು ಕೈ ಎತ್ತಿದೆ, ಕಿವಿಯವರೆಗೆ ಬಂತು. ಹಿಮ್ಮಡಿಯನ್ನೂ ಎತ್ತಿದೆ. ಹಗ್ಗಕ್ಕೆ ಇನ್ನೂ ನಾಲ್ಕು ಬೆರಳು ಬಾಕಿ. ಮುದುಕಿ ನನ್ನನ್ನೇ ನೋಡುತ್ತಿದ್ದಳು.

"ಸರ್," ಎಂದೆ ಕೀರಲು ದನಿಯಲ್ಲಿ, "ಸ್ವಲ್ಪ ಆ ಹಗ್ಗ ಎಳೀತೀರಾ?"

ಅವರು ಯೋಚಿಸದೆ ಎಳೆದುಬಿಟ್ಟರು. ಬಸ್ಸು ನಿಂತಿತು, ಮುದುಕಿ ಇಳಿದಳು. ಆಮೇಲೆ ಅವರಿಗೆ ಅರ್ಥವಾಯಿತು.

"ಕೈ ಇನ್ನೂ ಅಲ್ಲಿಗೆ ಹೋಗಲ್ಲ ಸರ್. ಹೋಗೋ ತನಕ ಹತ್ರ ಇದ್ದವರನ್ನ ಕೇಳ್ತೀನಿ. ಆ ಕೋಣೇಲಿ ಮಾತ್ರ ನನ್ನನ್ನ ಇಡ್ಬೇಡಿ."

ಇಪ್ಪತ್ತೆರಡು ವರ್ಷ ಬೈದ ಬಾಯಿಂದ ಇಂಥ ಮಾತು ಬಂದದ್ದಕ್ಕೆ ನನಗೇ ಅಳು ಬಂತು. ಚೀಲದ ಪಟ್ಟಿ ಸರಿಮಾಡುವ ನೆಪದಲ್ಲಿ ತಲೆ ತಗ್ಗಿಸಿದೆ.

ಮ್ಯಾನೇಜರ್ ಹಗ್ಗವನ್ನು ಇನ್ನೂ ಬಿಟ್ಟಿರಲಿಲ್ಲ.

"ಹೊರಡೋಕೆ ಎರಡು ಸಲ ಅಲ್ವೇನಮ್ಮ?" ಎಂದು ಕೇಳಿ, ಎಳೆದರು.