ಅಳತೆಗೆ ಕಳಿಸಿದ ರವಿಕೆ

ಧಾರೆ ಸೀರೆಯ ರವಿಕೆ ತೊಟ್ಟು ನೋಡಿದರೆ ಅದರೊಳಗೆ ನನ್ನಂಥವರು ಇಬ್ಬರು ಹಿಡಿಸುವಷ್ಟು ಜಾಗವಿತ್ತು. ನಾಡಿದ್ದೇ ನನ್ನ ಮದುವೆ. ಸೀರೆ, ರವಿಕೆ ಎರಡೂ ಗಂಡಿನ ಕಡೆಯವರದ್ದು. ಅವರು ಶಿರಾದಲ್ಲಿ ಹೊಲಿಸುತ್ತಾರೆಂದು ಅಳತೆಗೆ ನನ್ನದೊಂದು ಹಳೆಯ ರವಿಕೆ ಕಳಿಸಿದ್ದೆವು. ಅಮ್ಮ ಟೈಲರ್‌ಗೆ ಬಯ್ಯುತ್ತಲೇ ಬೀಗರಿಗೆ ಫೋನ್ ಮಾಡಲು ಹೊರಟಳು.

ಹೂ ಕಟ್ಟುತ್ತಿದ್ದ ಅಜ್ಜಿ ತಲೆ ಎತ್ತದೆ, “ಅವನನ್ಯಾಕೆ ಬೈತೀಯ, ಬುಡು. ಅಳತೇಗೆ ಹೋಗಿದ್ದು ನಂದು” ಅಂದಳು.

ಕಳಿಸುವ ದಿನ ಕವರ್‌ನಿಂದ ನನ್ನ ರವಿಕೆ ತೆಗೆದು ತನ್ನದನ್ನು ತುರುಕಿದ್ದಳಂತೆ. ಯಾಕೆಂದು ಅಮ್ಮ ಕೇಳಿದಳು.

“ನನ್ ಮದ್ವೇಲಿ ನಮ್ಮಕ್ಕನ್ ರವಿಕೆ ಇಕ್ಸಿ ಕೂರ್ಸಿದ್ರು ಕಣಮ್ಮ. ಇವ್ಳು ಇನ್ನೂ ಬೇಕಾದಷ್ಟು ಹೊಲಿಸ್ಕೊಂತಾಳೆ, ನಂಗ್ಯಾರು ಹೊಲಿಸ್ತಾರೆ?”

ಬೀಗರಿಗೆ ಫೋನ್ ಹೋಗಲಿಲ್ಲ. ಅಮ್ಮ ಮಧುಗಿರಿಗೆ ಓಡಿ ಅದೇ ಬಣ್ಣದ ಬಟ್ಟೆ ತಂದು, ಅಲ್ಲಿನ ಟೈಲರ್ ಎದುರಿಗೇ ಕೂತು ನನಗೆ ಬೇರೆ ರವಿಕೆ ಹೊಲಿಸಿದಳು.

ಧಾರೆಯ ಫೋಟೊದಲ್ಲಿ ಎಲ್ಲರೂ ಮದುಮಕ್ಕಳನ್ನು ನೋಡುತ್ತಿದ್ದಾರೆ, ಅಜ್ಜಿ ಮಾತ್ರ ತನ್ನ ತೋಳಿನ ಜರಿ ನೋಡಿಕೊಳ್ಳುತ್ತಿದ್ದಾಳೆ. ಈಗ ತಂಗಿಗೆ ಗಂಡು ಗೊತ್ತಾಗಿದೆ. ಅವಳ ಅಳತೆ ರವಿಕೆಯನ್ನು ಅಮ್ಮ ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾಳೆ.