ರಬ್ಬರ್ ಪಟ್ಟಿಯ ಆರು ಬೋಲ್ಟು

ನನ್ನ ಮೈದುನನಿಗೆ ಬೀದಿಯವರು ಇಟ್ಟ ಹೆಸರು ನಿಧಾನಪ್ಪ. ಒಂದು ನಟ್ಟು ಬಿಚ್ಚುವ ಮೊದಲು ಅದನ್ನು ಮೂರು ಕಡೆಯಿಂದ ನೋಡುತ್ತಾನೆ. ಹಳೇ ಕಾರು ರಿಪೇರಿ ಅವನ ಕಸುಬು. ಷೆಡ್ಡು ನಮ್ಮ ಅಡುಗೆಮನೆಯ ಗೋಡೆಗೇ ಅಂಟಿಕೊಂಡಿದೆ. ಕಿಟಕಿಯಿಂದ ಅವನ ಕೆಲಸ ನೋಡುತ್ತಾ ನನಗೆ ಮೂವತ್ತು ವರ್ಷ ಕಳೆಯಿತು.

ಹೋದ ತಿಂಗಳು ಒಬ್ಬ ರಿಟೈರಾದ ಮೇಷ್ಟರ ನೀಲಿ ಕಾರು ಬಂತು. ಅದರ ಬಂಪರಿನ ಉದ್ದಕ್ಕೂ ಒಂದು ಕಪ್ಪು ರಬ್ಬರ್ ಪಟ್ಟಿ. ಪಟ್ಟಿಯ ಬೆನ್ನಲ್ಲಿ ಆರು ಸಣ್ಣ ಬೋಲ್ಟು ಹುದುಗಿರುತ್ತವೆ. ಅವನ್ನು ಬಂಪರಿನ ತೂತಿಗೆ ತೂರಿಸಿ ಹಿಂದಿನಿಂದ ನಟ್ಟು ಬಿಗಿಯಬೇಕು. ಆರೂ ತುಕ್ಕು ಹಿಡಿದು ಮುರಿದಿದ್ದವು. ಅಂಥ ಪಟ್ಟಿ ಈಗ ಎಲ್ಲೂ ಸಿಗುವುದಿಲ್ಲ. ಇದರ ಬೆನ್ನನ್ನೇ ಸೀಳಿ ಹೊಸ ಬೋಲ್ಟು ಕೂರಿಸಬೇಕು.

"ಅಪ್ಪಾ, ನಿಮಗೆ ಹತ್ತಿರದ್ದೇ ಕಾಣಲ್ಲ. ಇದನ್ನ ಹರಿದು ಹಾಕಿದ್ರೆ ಮೇಷ್ಟರಿಗೆ ಯಾವ ಮುಖ ತೋರಿಸ್ತೀರಿ?" ಎಂದಳು ಅವನ ಮಗಳು. ಅವಳಿಗೆ ಅವನು ಕೆಲಸ ಬಿಟ್ಟು ಮನೆಯಲ್ಲಿರಲಿ ಅಂತ ಎಷ್ಟೋ ದಿನದಿಂದ ಆಸೆ.

"ಹರಿದ್ರೆ ಷೆಡ್ಡಿಗೆ ಬೀಗ ಹಾಕಿ ಕೀ ನಿನ್ನ ಕೈಗೇ ಕೊಡ್ತೀನಿ" ಎಂದ. ತಮಾಷೆಗೆ ಹೇಳಿದ್ದಲ್ಲ.

ಬ್ಲೇಡಿನಿಂದ ಸಣ್ಣಗೆ ಸೀಳಿ ಮುರುಕು ತಲೆಗಳನ್ನು ಹೊರಗೆ ತೆಗೆದ. ಹೊಸ ಬೋಲ್ಟಿನ ತಲೆಗೆ ಒಂದೊಂದು ಅಗಲವಾದ ವಾಷರು ಬೆಸುಗೆ ಹಾಕಿ, ರಬ್ಬರು ಕೊಯ್ಯಬಾರದೆಂದು ಅಂಚನ್ನು ಅರದಿಂದ ಉಜ್ಜಿದ. ಅಂಗಿಯ ಕಾಜಕ್ಕೆ ಗುಂಡಿ ತೂರಿಸಿದ ಹಾಗೆ ಸೀಳಿನೊಳಗೆ ಒಂದೊಂದನ್ನೇ ತೂರಿಸಿ ಅಂಟು ಹಾಕಿದ. ಎರಡು ದಿನ ಒಣಗಿಸಿ ಬಂಪರಿಗೆ ಹಿಡಿದರೆ, ನಡುವಿನ ಎರಡು ಕೂತವು. ಉಳಿದ ನಾಲ್ಕು ತಮ್ಮ ತೂತನ್ನು ಮುಟ್ಟಲೇ ಇಲ್ಲ. ತುದಿಯವಂತೂ ತೂತಿಗಿಂತ ಅರ್ಧ ಬೆರಳು ನಡುವಿನ ಕಡೆಗೇ ನಿಂತವು.

"ಹಳೇ ಜಾಗಕ್ಕೇ ಹಾಕಿದೀನಿ ಅತ್ತಿಗೆ. ಪಟ್ಟಿಯ ಉದ್ದಾನ ಯಾರು ಕದ್ರು?"

"ಎಳೆದು ಕೂರಿಸಿ" ಎಂದಳು ಮಗಳು.

ನನಗೆ ಡಬ್ಬಿಯಲ್ಲಿದ್ದ ಮುರುಕುಗಳ ನೆನಪಾಯಿತು. ಒಂದೊಂದೂ ಎಲ್ಲಿಂದ ಬಂತೆಂದು ಅವನು ಚೀಟಿ ಕಟ್ಟಿಟ್ಟಿದ್ದ. ನಾನೂ ಷೆಡ್ಡಿಗೆ ಹೋದೆ; ಡಬ್ಬಿ ಸುರಿದು ಸಾಲಾಗಿ ಇಟ್ಟೆವು. ನಡುವಿನವು ನೆಟ್ಟಗಿದ್ದವು. ಎಡಗಡೆಯವು ಬಲಕ್ಕೆ, ಬಲಗಡೆಯವು ಎಡಕ್ಕೆ ಬಾಗಿದ್ದವು.

ಅವನು ತುಂಬಾ ಹೊತ್ತು ನೋಡಿದ. "ತುಕ್ಕೊಂದೇ ಅಲ್ಲ ಕಣೇ. ವಯಸ್ಸಾಗಿ ರಬ್ಬರು ಕುಗ್ಗಿದೆ. ಕುಗ್ತಾ ಕುಗ್ತಾ ಇವನ್ನ ಒಳಕ್ಕೆ ಜಗ್ಗಿ ಮುರಿದಿದೆ. ಮತ್ತೆ ಎಳೆದು ಕೂರಿಸಿದ್ರೆ ಮತ್ತೆ ಮುರಿಯುತ್ತೆ."

ಅಂದರೆ ನಾಲ್ಕು ಬೋಲ್ಟಿಗೆ ಹಳೇ ಸೀಳಿನ ಪಕ್ಕದಲ್ಲೇ ಹೊಸ ಸೀಳು ಬೇಕು. ಎರಡು ಸೀಳು ಕೂಡಿಕೊಂಡರೆ ಪಟ್ಟಿಯ ಕಥೆ ಮುಗಿಯಿತು. ಬಂಪರಿನ ತೂತಿನ ಅಳತೆಯನ್ನು ನನ್ನ ಹೊಲಿಗೆ ಟೇಪಿನಿಂದ ಪಟ್ಟಿಗೆ ಇಳಿಸಿ ಗೆರೆ ಎಳೆದೆವು. ಮೂರನ್ನು ಸೀಳಿದ. ನಾಲ್ಕನೆಯದಕ್ಕೆ ಬ್ಲೇಡು ಊರಿ, ತೆಗೆದು, ಕನ್ನಡಕ ಒರೆಸಿ, ಮತ್ತೆ ಊರಿ, ತೆಗೆದ.

"ಗೆರೆ ಕಾಣ್ತಿಲ್ಲ" ಎಂದು ಬ್ಲೇಡನ್ನು ಮಗಳ ಕಡೆ ಚಾಚಿದ.

"ನನಗೇನು ಬರುತ್ತೆ ಅಪ್ಪಾ?"

"ನಿನಗೆ ಗೆರೆ ಕಾಣುತ್ತೆ, ಅಷ್ಟು ಸಾಕು. ಒತ್ತಬೇಡ. ಬ್ಲೇಡಿನ ಭಾರಾನೇ ಕೊಯ್ಯುತ್ತೆ."

ಅವಳು ಒತ್ತದೆ ಗೆರೆಗುಂಟ ಸೀಳಿದಳು. ರಬ್ಬರು ಹರಿಯಲಿಲ್ಲ. ಅಂಟು ಒಣಗಿದ ಮೇಲೆ ಆರೂ ತಮ್ಮ ತಮ್ಮ ತೂತಿಗೆ ಇಳಿದವು. ಎರಡೂ ತುದಿಯಲ್ಲಿ ಬಂಪರು ಒಂದಿಷ್ಟು ಬರಿದಾಗಿ ಕಾಣುತ್ತದೆ. ಪಟ್ಟಿಗೂ ತನ್ನಷ್ಟೇ ವಯಸ್ಸಾಗಿದೆ, ಇರಲಿ ಬಿಡಿ ಎಂದರು ಮೇಷ್ಟರು.

ಕಾರು ಹೋದ ಮೇಲೆ ಮಗಳು ಕೈ ಚಾಚಿದಳು. "ಕೀ ಕೊಡಿ."

"ಹರಿದಿಲ್ಲವಲ್ಲ?"

"ಹರಿದಿಲ್ಲ. ಇನ್ನೊಂದು ಕೀ ಮಾಡಿಸಿಕೊಂಡು ಬರ್ತೀನಿ. ನೀವು ಒಂದೊಂದು ಸೀಳಿಗೆ ಒಂದೊಂದು ಗಂಟೆ ತಗೊಂಡ್ರೆ, ಬೆಳಿಗ್ಗೆ ಬೇಗ ಬಾಗಿಲು ತೆಗೆದು ಜೊತೆಗೆ ಕೆಲಸ ಮಾಡೋರು ಒಬ್ಬರು ಬೇಕಲ್ಲ."