ಹರಾಜುಕಟ್ಟೆ ಬಿಡದ ದೊಡ್ಡಮ್ಮ

ನಮ್ಮ ದೊಡ್ಡಮ್ಮ ತರಕಾರಿ ಮಂಡಿಯಲ್ಲಿ ಹರಾಜು ಕೂಗುವವಳು. ಮಂಡಿಯವರು ಅವಳಿಗೆ ಇಟ್ಟ ಹೆಸರು ಕಹಳೆ. ‘ಸ್ವಲ್ಪ ಮೆಲ್ಲಗೆ ಮಾತಾಡೇ’ ಎಂದು ದೊಡ್ಡಪ್ಪ ಮದುವೆಯಾದಾಗಿನಿಂದ ಗೋಗರೆದದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ ಆಗಿತ್ತು.

ಅಂಥವಳ ಮಾತು ಬರಬರುತ್ತಾ ದೊಡ್ಡಪ್ಪನಿಗೆ ಕೇಳಿಸದಾಯಿತು. ತಮ್ಮ ಕಿವಿಯೇ ಕೆಟ್ಟಿತೆಂದು ಅವರು ಮಿಷನ್ ಹಾಕಿಸಿಕೊಂಡು ಬಂದರು. ಆಮೇಲೆ ಪಕ್ಕದ ಮನೆಯ ಜಗಳವೆಲ್ಲ ಚೆನ್ನಾಗಿ ಕೇಳಿತು, ಹೆಂಡತಿ ಮಾತ್ರ ಕೇಳಲಿಲ್ಲ. ದೊಡ್ಡಮ್ಮನ ಪ್ರಕಾರ ಊರಿಗೆ ಊರೇ ಕಿವುಡಾಗಿತ್ತು.

ಡಾಕ್ಟರು ಪಾರ್ಕಿನ್ಸನ್ ಅಂದರು. ಅವಳ ದನಿ ಇಳಿದದ್ದು, ಕೊಳೆತ ಈರುಳ್ಳಿಯ ವಾಸನೆ ತಿಳಿಯದಿದ್ದದ್ದು, ವರ್ಷಗಳ ಮಲಬದ್ಧತೆ, ನಿದ್ದೆಯಲ್ಲಿ ಹರಾಜು ಕೂಗುತ್ತಾ ದೊಡ್ಡಪ್ಪನಿಗೆ ಒದೆಯುತ್ತಿದ್ದದ್ದು, ಎಲ್ಲವೂ ಆ ಕಾಯಿಲೆಯ ಸಂಸಾರವೇ ಅಂತೆ. ಕೈನಡುಕ ಕೊನೆಗೆ ಬಂದ ನೆಂಟ. ಒದೆತಕ್ಕೂ ಒಂದು ಹೆಸರಿದೆಯೆಂದು ತಿಳಿದು ದೊಡ್ಡಪ್ಪ ನೆಮ್ಮದಿಯ ಉಸಿರುಬಿಟ್ಟರು. ನನಗೆ ಮಾತ್ರ ಅಳು ಬಂತು.

‘ಅಳೋದಾದ್ರೆ ಹೊರಗೆ ಹೋಗಿ ಅಳು,’ ಅಂದಳು ದೊಡ್ಡಮ್ಮ. ‘ಈ ಕೈ ಸುಮ್ನೆ ಕೂತಾಗ ನಡುಗುತ್ತೆ, ಕೆಲಸ ಕೊಟ್ರೆ ಸುಮ್ಮನಾಗುತ್ತೆ. ಸೋಮಾರಿ ಅಲ್ಲ ಅಂತಾಯ್ತಲ್ಲ.’

ಆದರೆ ಮಂಡಿಯ ಯಜಮಾನ ಮನೆಗೇ ಬಂದ. ‘ಅಕ್ಕ, ಹಿಂದಿನ ಸಾಲಿಗೆ ನಿಮ್ಮ ದನಿ ಮುಟ್ತಾ ಇಲ್ಲ. ಇನ್ಮೇಲೆ ನನ್ನ ಅಳಿಯ ಕೂಗ್ಲಿ.’

‘ಮೈಕ್ ಹಿಡಿದು ಕೂಗ್ತಾನಾ ನಿನ್ನ ಅಳಿಯ? ನನಗೆ ಇನ್ನೊಂದು ಹರಾಜು ಕೊಡು. ಹಿಂದಿನೋರಿಗೆ ಕೇಳಿಸ್ಲಿಲ್ಲ ಅಂದ್ರೆ ನಾನೇ ಕಟ್ಟೆ ಇಳೀತೀನಿ.’

ಬಾಯಿ ತಪ್ಪಿ ಬಂದ ಮಾತಲ್ಲ ಅದು. ಆ ಕಟ್ಟೆ ಬಿಟ್ಟರೆ ಅವಳು ಬರೀ ಮಾತ್ರೆ ನುಂಗುವ ಹೆಂಗಸಾಗುತ್ತಿದ್ದಳು.

ಆಸ್ಪತ್ರೆಯಲ್ಲಿ ಮಾತಿನ ತರಬೇತಿ ಕೊಡುವಾಕೆ ಹೇಳಿದಳು: ‘ಕೂಗಿ ಅಮ್ಮ. ನಿಮಗೆ ಕಿರುಚಿದ ಹಾಗೆ ಅನ್ನಿಸ್ಬೇಕು. ಆಗ ನಮಗೆ ಮಾಮೂಲಿ ಮಾತು ಕೇಳುತ್ತೆ.’

ದೊಡ್ಡಮ್ಮ ಗಂಡನ ಕಡೆ ತಿರುಗಿದಳು. ‘ಕೇಳಿಸ್ಕೊಂಡ್ರಾ? ಇನ್ಮೇಲೆ ಕೂಗೋದೇ ಔಷಧಿ.’

ದಿನಾ ಬೆಳಿಗ್ಗೆ ಬಚ್ಚಲಮನೆಯಿಂದ ಬದನೆಕಾಯಿ, ಎಲೆಕೋಸು ಹರಾಜಾಗತೊಡಗಿದವು. ತಕರಾರು ತಂದ ಪಕ್ಕದ ಮನೆಯವರ ಎದುರು, ಜೀವಮಾನದಲ್ಲಿ ಮೊದಲ ಸಲ, ದೊಡ್ಡಪ್ಪ ಹೆಂಡತಿಯ ಗಂಟಲಿನ ಪರ ವಾದಿಸಿದರು.

ಹರಾಜಿನ ದಿನ ಕಟ್ಟೆಯ ಮೆಟ್ಟಿಲ ಬಳಿ ಅವಳ ಕಾಲು ನೆಲಕ್ಕೆ ಅಂಟಿಕೊಂಡಿತು. ಯಜಮಾನ ಕೈ ಚಾಚಿದ. ಅವಳು ಹಿಡಿಯಲಿಲ್ಲ. ‘ಒಂದನೇ ಸಲ, ಎರಡನೇ ಸಲ,’ ಎಂದು ತನ್ನ ಕಾಲಿಗೇ ಹರಾಜು ಕೂಗಿದಳು. ‘ಮೂರನೇ ಸಲ’ ಅಂದಾಗ ಕಾಲು ಎದ್ದಿತು. ಮೆಟ್ಟಿಲು ಹತ್ತಿ ಕಟ್ಟೆಯ ಮೇಲೆ ನಿಂತಳು.

ಅವಳು ಟೊಮೇಟೊ ಕೂಗಿದಳು. ಒಬ್ಬರೂ ಬೆಲೆ ಕೇಳಲಿಲ್ಲ. ಯಜಮಾನ ಅಳಿಯನತ್ತ ನೋಡಿದ. ಅಷ್ಟರಲ್ಲಿ ಹಿಂದಿನ ಸಾಲಿನಲ್ಲಿ ಹಳೇ ವ್ಯಾಪಾರಿಯೊಬ್ಬ ಎದ್ದು ನಿಂತ.

‘ಅಕ್ಕ, ಕೂಗಿದ್ದು ಚೆನ್ನಾಗಿ ಕೇಳ್ತು. ಆದ್ರೆ ನಿಮ್ಮ ಮುಖದಲ್ಲಿ ಏನೂ ಗೊತ್ತಾಗ್ತಿಲ್ಲ. ಎಷ್ಟಕ್ಕೆ ಬಿಟ್ಟುಕೊಡ್ತೀರ ಅಂತ ಊಹಿಸೋದು ಹೇಗೆ?’

ಕಾಯಿಲೆ ಅವಳ ಮುಖದ ನಗು, ಸಿಟ್ಟು ಎರಡನ್ನೂ ಬಿಗಿದುಬಿಟ್ಟಿತ್ತು. ಆ ಬಿಗಿದ ಮುಖದಲ್ಲೇ ದೊಡ್ಡಮ್ಮ ಹೇಳಿದಳು:

‘ಇಷ್ಟು ವರ್ಷ ನನ್ನ ಮುಖ ನೋಡಿ ಕೊಳ್ತಿದ್ರಾ? ಇನ್ಮೇಲೆ ಮಾಲು ನೋಡಿ ಕೊಳ್ಳಿ.’